ಎಳೆ ಎಸೆಯುವ ಕೆಲಸ

ಮೇ ತಿಂಗಳು. ಶಿಡ್ಲಘಟ್ಟದ ಬಿಸಿಲಿಗೆ
ಬೀದಿನಾಯಿ ಮೋರಿಗಿಳಿದು ಮಲಗಿತ್ತು.
ನಾನು ಕುದಿಯುವ ಬೇಸಿನ್ನಿನ ಮುಂದೆ
ಸ್ವೆಟರ್ ಹಾಕಿಕೊಂಡು ಕೂತಿದ್ದೆ.
ನಗುತ್ತಿದ್ದರು ಎಲ್ಲರೂ. ನಗಲಿ.
ಗೂಡು ಬೇಯುವ ನೀರಿಗೆ ಬೆರಳದ್ದಿದರೂ
ಚಳಿ ಬಿಡದ ಮೈ ಕಂಡರೆ
ನಾನಾದರೂ ನಗುತ್ತಿದ್ದೆ.

ಮೊದಲು ಹೋದದ್ದು ಹುಬ್ಬಿನ ತುದಿ.
ಆಮೇಲೆ ಬಾಚಣಿಗೆ ತುಂಬ ಕೂದಲು,
ಬಿಚ್ಚಲು ಬಾರದ ಸಿಕ್ಕುನೂಲಿನಂತೆ;
ಉಂಡೆ ಮಾಡಿ ಕಿಟಕಿ ಸಂದಿಗೆ ತುರುಕುತ್ತಿದ್ದೆ.
ಆಮೇಲೆ ದನಿ.
ಫೋನೆತ್ತಿ ಹಲೋ ಎಂದರೆ ಚಿಂತಾಮಣಿಯ ತಂಗಿ
"ಬಾಬಾಜಾನ್ ಭಾಯಿ, ಅಕ್ಕನಿಗೆ ಕೊಡಿ" ಎನ್ನುತ್ತಿದ್ದಳು.
ಬಾಬಾಜಾನ್ ನನ್ನ ಗಂಡ.

ಅತ್ತೆ ಹೇಳಿದಳು, ಸೋಮಾರಿತನ.
ಮಾಲೀಕ ಹೇಳಿದ, ರಾತ್ರಿ ಟೀವಿ ಜಾಸ್ತಿಯಾಗಿದೆ.
ನಾನೂ ನಂಬಿದೆ. ಎದ್ದು ನಿಲ್ಲುವುದಕ್ಕಿಂತ
ನಂಬುವುದು ಸುಲಭವಿತ್ತು.

ಕೊನೆಗೆ ತಾಲ್ಲೂಕು ಆಸ್ಪತ್ರೆಯ ಡಾಕ್ಟರಮ್ಮ
ಕತ್ತಿನ ಮೇಲೆ ಎರಡು ಬೆರಳಿಟ್ಟು "ಉಗುಳು ನುಂಗಿ" ಎಂದರು.
ರಕ್ತ ಚಿಕ್ಕಬಳ್ಳಾಪುರಕ್ಕೆ ಹೋಯಿತು,
ಮೂರು ದಿನಕ್ಕೆ ಅಂಕಿಯಾಗಿ ವಾಪಸ್ ಬಂತು:
ಐದರ ಒಳಗಿರಬೇಕಾದದ್ದು ಎಪ್ಪತ್ತೆರಡು.
ಎಸ್ಸೆಸ್ಸೆಲ್ಸಿಯ ಯಾವ ಪೇಪರಿನಲ್ಲೂ
ನನಗೆ ಅಷ್ಟು ಬಂದಿರಲಿಲ್ಲ.

ಚೀಟಿಯ ಹಿಂದೆ ಅವರು ಚಿಟ್ಟೆ ಬರೆದರು.
ಗಂಟಲಲ್ಲಿ ಇಂಥದೊಂದು ಕೂತಿರುತ್ತದಂತೆ.
ಚಿಟ್ಟೆಯೇ, ಮೇಡಂ?
ಇಪ್ಪತ್ತೊಂದು ವರ್ಷದಿಂದ ನಾವು ಅದನ್ನು
ಹೊರಗೆ ಬರಲು ಬಿಟ್ಟವರಲ್ಲ.
ರೆಕ್ಕೆ ಬಂದರೆ ಗೂಡು ತೂತು, ತೂತು ಗೂಡಿಗೆ ನೂಲಿಲ್ಲ.
ಅವರು ನಕ್ಕರು.
ನಾನು ರಾತ್ರಿ ಕತ್ತು ಮುಟ್ಟಿಕೊಂಡು ಮಲಗಿದೆ,
ಬೇರೆ ಯಾರದೋ ಕತ್ತೆಂಬಂತೆ, ಮೆಲ್ಲಗೆ.

ಮಾತ್ರೆ ಹೆಸರುಕಾಳಿಗಿಂತ ತುಸು ದೊಡ್ಡದು.
ಖಾಲಿ ಹೊಟ್ಟೆ, ಒಂದು ಲೋಟ ನೀರು,
ಚಹಾಕ್ಕೆ ಒಂದು ಗಂಟೆ ಕಾಯಬೇಕು.
ಆ ಒಂದು ಗಂಟೆ
ನನ್ನ ಬದುಕಿನಲ್ಲಿ ಮೊದಲು ಇರಲೇ ಇಲ್ಲ.
ಒಲೆ ಹಚ್ಚದೆ, ಯಾರನ್ನೂ ಎಬ್ಬಿಸದೆ,
ಹೊಸ್ತಿಲ ಮೇಲೆ ಕೂತು
ಗೂಡಿನ ಚೀಲ ಹೊತ್ತ ಆಟೋಗಳು
ಮಾರ್ಕೆಟ್ಟಿನ ಕಡೆ ತಿರುಗುವುದ ನೋಡಿದೆ.

ಒಂದು ವಾರ ಏನೂ ಇಲ್ಲ. ಎರಡು ವಾರ ಏನೂ ಇಲ್ಲ.
ಐದನೇ ವಾರದ ಒಂದು ಮಧ್ಯಾಹ್ನ
ಬೇಸಿನ್ನಿಗೆ ಕೈಯಿಟ್ಟೆ, ಚುರ್ ಎಂದಿತು.
"ಅಮ್ಮೀ!" ಎಂದು ಕೂಗಿದ್ದು
ನನ್ನದೇ ದನಿ.
ಪಕ್ಕದ ಚರಕದ ನರಸಕ್ಕ ಓಡಿ ಬಂದಾಗ
ಸುಟ್ಟ ಬೆರಳು ಎತ್ತಿ ಹಿಡಿದು
ನಾನು ನಗುತ್ತಿದ್ದೆ.

ಆಸೆಬುರುಕಿ ನಾನು.
ಒಂದಕ್ಕೆ ಇಷ್ಟಾದರೆ ಮೂರಕ್ಕೆ ಎಷ್ಟೋ ಎಂದು
ಯಾರಿಗೂ ಹೇಳದೆ ಮೂರು ನುಂಗತೊಡಗಿದೆ.
ಎದೆಯೊಳಗೆ ಹಗಲೂ ರಾತ್ರಿ ಮಗ್ಗ.
ಬೆರಳು ನಡುಗಿ ನೂಲು ಕಡಿದು ಕಡಿದು ಬಿತ್ತು.
ಮೂರು ಗಂಟೆಗೇ ಎದ್ದು ಅಂಗಳ ತೊಳೆಯುತ್ತಿದ್ದೆ;
ಆ ತಿಂಗಳು ಮಾತ್ರ
ಅತ್ತೆಗೆ ನಾನು ತುಂಬ ಇಷ್ಟವಾಗಿದ್ದೆ.

ಡಾಕ್ಟರಮ್ಮ ಚೆನ್ನಾಗಿ ಬೈದರು. ಬೈಸಿಕೊಂಡೆ.
ನನಗೆ ಗೊತ್ತಿರಬೇಕಿತ್ತು:
ಎಂಟು ಗೂಡಿನ ಎಳೆ ಕೂಡಿ ಒಂದು ನೂಲು.
ಹನ್ನೆರಡಾದರೆ ದಪ್ಪ, ಐದಾದರೆ ಕಡಿಯುತ್ತದೆ.
ಒಂದು ಗೂಡು ಮುಗಿದರೆ ಆ ಜಾಗಕ್ಕೆ
ಇನ್ನೊಂದರ ಎಳೆ ಎಸೆಯಬೇಕು,
ಚರಕ ನಿಲ್ಲಿಸದೆ.
"ಎಷ್ಟು ದಿನ ನುಂಗಬೇಕು?"
"ದಿನಾ."
ಅದಕ್ಕಿಂತ ಹೆಚ್ಚು ನಾನು ಕೇಳಲಿಲ್ಲ.

ರಂಜಾನಿನಲ್ಲಿ ಸೆಹ್ರಿಗೂ ಮುಂಚೆ ಏಳುತ್ತೇನೆ.
ಗಲ್ಲಿಯನ್ನು ಎಬ್ಬಿಸಲು ಬರುವ ಹುಡುಗ
ನಮ್ಮ ಬಾಗಿಲು ಬಡಿಯುವುದನ್ನೇ ಬಿಟ್ಟಿದ್ದಾನೆ,
ಹೊಸ್ತಿಲಲ್ಲಿ ನನ್ನ ಕಂಡು ಸಲಾಂ ಹೇಳಿ ಮುಂದೆ ಹೋಗುತ್ತಾನೆ.

ಹುಬ್ಬಿನ ತುದಿ ಇನ್ನೂ ಪೂರ್ತಿ ಬಂದಿಲ್ಲ.
ಮಂಡಿ ನೋವು ಹಾಗೇ ಇದೆ, ಅದು ಬೇರೆ ಲೆಕ್ಕವಂತೆ.
ಸ್ವೆಟರಿನ ತೋಳು ಕತ್ತರಿಸಿ
ಮಸಿಬಟ್ಟೆ ಮಾಡಿಕೊಂಡಿದ್ದೇನೆ;
ಬಿಸಿ ಪಾತ್ರೆ ಇಳಿಸಲು ಈಗ
ನನಗೂ ಒಂದು ಬೇಕು.